ಗಡಿಯ ಜಗಳ ಸರಕಾರಗಳದು, ನಷ್ಟ ಯಾರದು?

ರಾಜ್ಯಗಳ ಹಕ್ಕು ಎಂಬ ಮಾತು ಕಿವಿಗೆ ಬಿದ್ದೊಡನೆ ಚಪ್ಪಾಳೆ ತಟ್ಟುವವರು ನಮ್ಮಲ್ಲಿ ಬಹಳ ಮಂದಿ. ನಾವೂ ಆ ಹಕ್ಕಿನ ಪಕ್ಷಪಾತಿಗಳೇ. 2021ರಲ್ಲಿ ಕೇಂದ್ರವು ಪಂಜಾಬಿನಲ್ಲಿ ಗಡಿ ಭದ್ರತಾ ಪಡೆಯ ಅಧಿಕಾರವನ್ನು 15 ಕಿಲೋಮೀಟರಿನಿಂದ 50ಕ್ಕೆ ಹಿಗ್ಗಿಸಿದಾಗ ಅಲ್ಲಿನ ವಿಧಾನಸಭೆ ಪ್ರತಿಭಟಿಸಿದ್ದು ಸರಿಯೆಂದೇ ನಮ್ಮ ಮತ. ಆದರೆ ಯಾರ ಬೆನ್ನ ಮೇಲೆ ನಿಂತು ಆ ಹಕ್ಕನ್ನು ಚಲಾಯಿಸುತ್ತಾರೆಂಬುದನ್ನೂ ನೋಡಬೇಕಷ್ಟೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಗವರ್ನರ್ ಗ್ರೆಗ್ ಅಬಟ್ ಅವರ ಕಥೆಯನ್ನು ನಮ್ಮ ಗಿರಣಿ ಬಂಧುಗಳೂ ಪೇಟೆಯ ಅಂಗಡಿಕಾರರೂ ಅವಶ್ಯ ಕೇಳಬೇಕು.

ಕೇಂದ್ರ ಸರಕಾರ ಮೆಕ್ಸಿಕೋ ಗಡಿಯನ್ನು ಸರಿಯಾಗಿ ಕಾಯುತ್ತಿಲ್ಲವೆಂದು ಈ ಮಹಾಶಯರಿಗೆ ಸಿಟ್ಟು. 2022ರ ಏಪ್ರಿಲ್ 6ರಂದು, ಗಡಿ ದಾಟಿ ಬರುವ ಸರಕಿನ ಲಾರಿಗಳನ್ನೆಲ್ಲ ರಾಜ್ಯದ ಪೊಲೀಸರು ತಪಾಸಣೆ ಮಾಡಲಿ ಎಂದು ಆಜ್ಞೆ ಹೊರಡಿಸಿದರು. ಸೇತುವೆಯ ಕಟ್ಟೆಯಲ್ಲಿ ಕೇಂದ್ರದ ಸುಂಕದವರು ನೋಡಿ ಬಿಟ್ಟ ಲಾರಿಗೇ ನಾಲ್ಕು ಮಾರು ಮುಂದೆ ಮತ್ತೊಂದು ತಪಾಸಣೆ! ಗಡಿ ಕಾಯುವ ಅಧಿಕಾರ ಕೇಂದ್ರದ್ದು; ಆದುದರಿಂದ ಬ್ರೇಕು, ಟೈರು, ದೀಪ ನೋಡುವ ನೆಪ. ಲಾರಿಗಳ ಸಾಲು ಮೈಲಿಗಟ್ಟಲೆ ಬೆಳೆಯಿತು. ಬಂಡಿಯಲ್ಲೇ ಹಣ್ಣು ತರಕಾರಿ ಕೊಳೆಯಿತು. ಹಸಿವು ನಿದ್ದೆ ಕೆಟ್ಟ ಚಾಲಕರು ಫಾರ್ ಎಂಬ ಊರಿನ ಸೇತುವೆಯನ್ನೇ ಅಡ್ಡಗಟ್ಟಿದರು. 4,000ಕ್ಕೂ ಹೆಚ್ಚು ಲಾರಿ ಜಾಲಾಡಿದ ಪೊಲೀಸರ ಕೈಗೆ ಅಫೀಮಿನ ಒಂದು ಪೊಟ್ಟಣವೂ ಸಿಗಲಿಲ್ಲ. ಮೆಕ್ಸಿಕೋದ ನಾಲ್ಕು ರಾಜ್ಯಗಳ ಗವರ್ನರುಗಳಿಂದ ಒಪ್ಪಂದದ ಕಾಗದ ಪಡೆದು, ಏಪ್ರಿಲ್ 15ರಂದು ಗೆದ್ದೆವೆಂದು ಸಾರಿದರು. ಕೊಳೆತ ಮಾಲಿನ ದುಡ್ಡನ್ನು ವ್ಯಾಪಾರಿಗೆ ಕೊಡುವವರು ಯಾರು? ಕಳೆದ ಬಾಡಿಗೆಯನ್ನು ಚಾಲಕನಿಗೆ ಕಟ್ಟಿಕೊಡುವವರು ಯಾರು?

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬುದು ಗಾದೆ. ಅಲ್ಲಿ ಕೂಸು ಸತ್ತೇ ಹೋಯಿತು. 2024ರ ಜನವರಿಯಲ್ಲಿ ಈಗಲ್ ಪಾಸ್ ಊರಿನ ನದೀತೀರದ ಉದ್ಯಾನವನ್ನು ರಾಜ್ಯದ ಪಡೆ ವಶಪಡಿಸಿಕೊಂಡು ಕೇಂದ್ರದ ಗಡಿ ಕಾವಲುಗಾರರನ್ನು ಹೊರಗೆ ನಿಲ್ಲಿಸಿತು. ಅದೇ 12ರಂದು ರಿಯೊ ಗ್ರಾಂಡೆ ನದಿಯಲ್ಲಿ ಒಬ್ಬ ಹೆಂಗಸು, ಎರಡು ಮಕ್ಕಳು ಮುಳುಗಿ ಸತ್ತರು. ಕೂಲಿ ಹುಡುಕಿ ಬರುವವರು ನಿತ್ಯ ದಾಟುವ ಹೊಳೆ ಅದು. ತಪ್ಪು ನಿನ್ನದೆಂದು ಇವರು, ನಿನ್ನದೆಂದು ಅವರು. ಹತ್ತು ದಿನದ ಮೇಲೆ ಸುಪ್ರೀಂ ಕೋರ್ಟು, ಐವರು ಒಂದು ಕಡೆ ನಾಲ್ವರು ಒಂದು ಕಡೆಯಾಗಿ, ರಾಜ್ಯ ಹಾಕಿದ ಮುಳ್ಳುತಂತಿಯನ್ನು ಕೇಂದ್ರದವರು ಕತ್ತರಿಸಬಹುದೆಂದಿತು. ಗವರ್ನರರು ತಂತಿ ಹಾಕುವುದನ್ನು ನಿಲ್ಲಿಸಲಿಲ್ಲ.

2025ರಲ್ಲಿ ವಾಷಿಂಗ್ಟನ್ನಿನಲ್ಲಿ ಅವರದೇ ಪಕ್ಷ ಗದ್ದುಗೆಗೇರಿತು. ಜಗಳ ಹೊಗೆಯಂತೆ ಮಾಯವಾಯಿತು! ಗಡಿಗೆ ಸುರಿದ 1,100 ಕೋಟಿ ಡಾಲರನ್ನು ಹಿಂದಕ್ಕೆ ಕೊಡಿರೆಂದು ಗವರ್ನರರು ಕೇಂದ್ರದ ಮುಂದೆ ಕೈಚಾಚಿದರು. ಇನ್ನು ಆ ರಾಜ್ಯಗಳ ಹಕ್ಕು? ಅದೇ ವರ್ಷದ ಅಕ್ಟೋಬರಿನಲ್ಲಿ ಇಲಿನಾಯ್ ರಾಜ್ಯದ ಗವರ್ನರರು ಬೇಡ ಬೇಡವೆಂದರೂ, ಕೇಂದ್ರದ ಮಾತಿಗೆ ಒಪ್ಪಿ ಟೆಕ್ಸಾಸಿನ ಸೈನಿಕರನ್ನು ಅವರ ಷಿಕಾಗೋ ಬಾಗಿಲಿಗೆ ಕಳಿಸಿಕೊಟ್ಟವರು ಇದೇ ಅಬಟ್ಟರು.