ಒಣಗಿದ ಹೊಲಕ್ಕೂ ಚರಗ ಬೇಕು

ನಮ್ಮ ಪತ್ರಿಕೆಗೆ ನಾವು ರೈತರೇ ಬರೆಯುತ್ತೇವೆ. ಬೀಜೋಪಚಾರ, ಗೊಬ್ಬರ, ಹನಿ ನೀರಾವರಿ, ಗಂಜಿನ ರೇಟು, ಇವುಗಳ ಬಗ್ಗೆ ಬರೆದದ್ದೇ ಬರೆದದ್ದು. ಬರೆಯಬೇಕು ಖರೆ. ಆದರೆ ಬೆಳೆ ಹೋದ ವರ್ಷ ರೈತ ಮನೆಯೊಳಗೆ ಹೆಂಗ ಇರ್ತಾನ, ಯಾರ ಸಂಗಡ ಮಾತಾಡ್ತಾನ, ಒಮ್ಮೆಯಾದರೂ ನಗ್ತಾನೋ ಇಲ್ಲೋ, ಇದನ್ನು ಯಾರೂ ಬರೆದದ್ದು ನಾನು ನೋಡಿಲ್ಲ. ಅದು ಕೃಷಿಯ ವಿಷಯ ಅಲ್ಲ ಅಂತ ನಾನೂ ತಿಳಿದಿದ್ದೆ. ಈಗ ಹಂಗ ಅನಿಸುವುದಿಲ್ಲ. ಯಾಕೆ ಅನಿಸುವುದಿಲ್ಲ ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ನನ್ನದು ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ರಸ್ತೆಯ ಕಮಲಾಪುರದ ಹತ್ತಿರ ಐದು ಎಕರೆ. ನಾಲ್ಕು ಎಕರೆ ಎರೆ ಭೂಮಿಯಲ್ಲಿ ತೊಗರಿ, ಬಾವಿಯ ಕೆಳಗೆ ಒಂದು ಎಕರೆ ಕೆಂಪು ಬಾಳೆ. ಎರಡೂ ಹೆಸರುವಾಸಿ ಬೆಳೆಗಳೇ. ಕಮಲಾಪುರದ ಕೆಂಪು ಬಾಳೆಗೂ ಕಲಬುರಗಿ ತೊಗರಿ ಬೇಳೆಗೂ ಭೌಗೋಳಿಕ ಗುರುತು ಸಿಕ್ಕಿದೆ. ಹೆಸರು ಬಂದಷ್ಟು ಸಲೀಸಾಗಿ ರೊಕ್ಕ ಬರುವುದಿಲ್ಲ, ಅದು ಬೇರೆ ಮಾತು.

ಬಣ್ಣ ಹಚ್ಚಿದ ಬಾಳೆಹಣ್ಣು

2020ರ ಮಾರ್ಚ್ ತಿಂಗಳು ನಿಮಗೆ ನೆನಪಿರಬೇಕು. ಕೊರೋನಾದಿಂದ ದೇಶದಲ್ಲಿ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯವರದೇ. ಮಾರ್ಚ್ 10ರಂದು ತೀರಿಕೊಂಡ ಹಿರಿಯರೊಬ್ಬರಿಗೆ ಆ ರೋಗ ಇತ್ತೆಂದು 12ರಂದು ಗೊತ್ತಾಯಿತು. ಇಡೀ ದೇಶಕ್ಕೆ ಬೀಗ ಬೀಳುವ ಮೊದಲೇ ನಮ್ಮ ಊರ ಕಡೆ ಅಂಜಿಕೆ ಬಂದು ಕುಂತಿತ್ತು. ಕಲಬುರಗಿಗೆ ಹೋಗಿ ಬಂದವರನ್ನು ಮನೆಯ ಕಟ್ಟೆಗೂ ಸೇರಿಸುತ್ತಿರಲಿಲ್ಲ.

ಕೆಂಪು ಬಾಳೆ ಅಂದರೆ ಸುಮ್ಮನೆ ಅಲ್ಲ. ಬ್ಯಾರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದಕ್ಕೆ ಹದಿನೆಂಟು ತಿಂಗಳು ಬೇಕು. ಗಿಡ ಎತ್ತರ, ಗಾಳಿಗೆ ಬೀಳದಂತೆ ಆನಿಕೆ ಕೊಡಬೇಕು, ಎರಡು ಬ್ಯಾಸಗಿ ನೀರು ಕೊಡಬೇಕು. ಅದಕ್ಕೇ ನಮ್ಮಲ್ಲಿ ಅನೇಕರು ಕೈಬಿಟ್ಟರು. ನಾನು ನಮ್ಮಪ್ಪ ಹಚ್ಚಿದ್ದೆಂದು ಬಿಡದೆ ಮಾಡಿಕೊಂಡು ಬಂದವನು. ಆ ವರ್ಷ ಗೊನೆಗಳು ಕಡಿಯಲಿಕ್ಕೆ ಬಂದದ್ದೂ ಲಾಕ್‌ಡೌನ್ ಆದದ್ದೂ ಒಂದೇ ಹೊತ್ತಿಗೆ. ರೈತರ ಮಾಲಿಗೆ ತಡೆಯಿಲ್ಲ ಅಂತ ಸರಕಾರ ಹೇಳಿತ್ತು. ಆದರೆ ಗಾಡಿಯವನು ಬರಲೊಲ್ಲ, ವ್ಯಾಪಾರಿ ಫೋನು ಎತ್ತಲೊಲ್ಲ. ಗೊನೆ ಗಿಡದಲ್ಲೇ ಹಣ್ಣಾಗಲಿಕ್ಕೆ ಹತ್ತಿದವು. ಹಗಲು ಹಕ್ಕಿ ತಿಂದವು, ರಾತ್ರಿ ಬಾವಲಿ ತಿಂದವು. ನಾನು ತೋಟಕ್ಕೆ ಹೋಗುವುದನ್ನೇ ಬಿಟ್ಟೆ. ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ಮೇ ತಿಂಗಳಲ್ಲಿ ಮುಂಬೈ, ಪುಣೆಗೆ ದುಡಿಯಲಿಕ್ಕೆ ಹೋದ ನಮ್ಮವರು ತಿರುಗಿ ಬಂದರು. ಅವರನ್ನು ಸಾಲಿಯೊಳಗೆ ಇರಿಸಿದ್ದರು. ನನ್ನ ಹೆಂಡತಿ ಒಂದು ದಿವಸ, “ಹಕ್ಕಿಗಿ ಹಾಕೋದು ಮಂದಿಗಿ ಹಾಕ್ರಿ. ನಾಲ್ಕು ಗೊನೆ ಕಡಕೊಂಡು ಬರ್ರಿ” ಅಂದಳು. ಸಿಟ್ಟಿನಲ್ಲೇ ಕಡಿದು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋಗಿ ಸಾಲಿಯ ಗೇಟಿನ ಹೊರಗೆ ಇಟ್ಟೆ. ಒಳಗಿನಿಂದ ಒಬ್ಬ ತಾಯಿ, ಜೊತೆಗೆ ಐದಾರು ವರ್ಷದ ಹುಡುಗ ಬಂದರು. ಹುಡುಗ ಮುಂಬೈದಾಗೇ ಹುಟ್ಟಿ ಬೆಳೆದವನು, ಕೆಂಪು ಬಾಳೆ ಕಂಡೇ ಇರಲಿಲ್ಲ. ಒಂದು ಹಣ್ಣು ಕೈಯಲ್ಲಿ ತಗೊಂಡು ಬೆರಳಿನಿಂದ ತಿಕ್ಕಿದ. ತಿಕ್ಕಿ ಬೆರಳು ನೋಡಿಕೊಂಡ. ಮತ್ತೆ ತಿಕ್ಕಿದ. ಬಣ್ಣ ಹಚ್ಚ್ಯಾರೇನು ಅಂತ ಪರೀಕ್ಷೆ ಮಾಡಲಿಕ್ಕೆ ಹತ್ತಿದ್ದ! ತಾಯಿ ನಕ್ಕಳು, ಗೇಟಿನ ಈಚೆ ನಾನೂ ನಕ್ಕೆ. ಎರಡು ತಿಂಗಳಾಗಿತ್ತು ನಾನು ನಕ್ಕು.

ರೊಕ್ಕ ಬರಲಿಲ್ಲ. ಆ ವರ್ಷದ ಬಾಳೆಯ ಲೆಕ್ಕ ಪುಸ್ತಕದಲ್ಲಿ ಇಂದಿಗೂ ನಷ್ಟ ಎಂದೇ ಇದೆ. ಆದರೆ ಮರುದಿವಸ ಬೆಳಿಗ್ಗೆ ಯಾರೂ ಹೇಳದೆ ನಾನು ತೋಟಕ್ಕೆ ಹೋದೆ. ಹೋಗಿ ನೋಡಿದರೆ ನೀರಿಲ್ಲದೆ ಕಂದುಗಳು ಬಾಡಿದ್ದವು. ನೀರು ಬಿಟ್ಟೆ. ಇನ್ನೊಂದು ವಾರ ಹೋಗದೆ ಇದ್ದಿದ್ದರೆ ಮುಂದಿನ ಬೆಳೆಯೂ ಇರುತ್ತಿರಲಿಲ್ಲ. ಆ ಹುಡುಗನ ಬೆರಳು ನನ್ನ ತೋಟ ಉಳಿಸಿತು ಅಂದರೆ ನೀವು ನಗಬಹುದು. ನನಗಂತೂ ಹಂಗೇ ಅನಿಸುತ್ತದೆ.

“ಹೊಲ ಏನು ತಪ್ಪು ಮಾಡ್ಯಾದ?”

ಅದೇ ವರ್ಷ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ರೈತರ ಹೊಲ ಮನೆ ಎಲ್ಲ ನೀರಾದವು. 2022ರಲ್ಲಿ ನಮ್ಮೆಲ್ಲರ ಪಾಳಿ ಬಂತು. ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತು. ಮುಂಗಾರಿನಲ್ಲಿ ಮಳೆ ಹೆಚ್ಚಾಗಿ ಹೊಲದಲ್ಲಿ ನೀರು ನಿಂತಿತ್ತು. ಹೂ ಕಾಯಿ ಆಗುವ ಹೊತ್ತಿಗೆ ನಿಂತ ಗಿಡ ನಿಂತಂತೆಯೇ ಒಣಗಿತು. ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಇರುತ್ತದೆ, ಬೇರಿನಿಂದ ಏರಿ ಗಿಡ ನೀರು ಕುಡಿಯುವ ನಾಳವನ್ನೇ ಕಟ್ಟುತ್ತದೆ. ಕಾಂಡ ಸೀಳಿದರೆ ಒಳಗೆ ಕರಿ ಗೆರೆ ಕಾಣುತ್ತದೆ. ಗಿಡ ಒಣಗಿದ ಮೇಲೆ ಯಾವ ಔಷಧ ಹೊಡೆದರೂ ಉಪಯೋಗವಿಲ್ಲ. ಇದು ಗೊತ್ತಿದ್ದೂ ಎರಡು ಸಲ ಹೊಡೆದೆ. ಕಷ್ಟದಲ್ಲಿದ್ದವನ ಬುದ್ಧಿ ಹಂಗೇ ಇರ್ತದ.

ಡಿಸೆಂಬರಿನಲ್ಲಿ ಎಳ್ಳ ಅಮಾಸಿ ಬಂತು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ದೂರದ ಓದುಗರಿಗೆ ಒಂದು ಮಾತು: ಅಂದು ಕಲಬುರಗಿ, ಬೀದರ್ ಕಡೆ ಊರಿನಲ್ಲಿ ಮಂದಿ ಸಿಗುವುದಿಲ್ಲ, ಎಲ್ಲರೂ ಹೊಲದಲ್ಲೇ. ಹತ್ತೆಂಟು ತರಹದ ಕಾಯಿಪಲ್ಯ, ಹಸಿ ಕಾಳು ಕೂಡಿಸಿ ಮಾಡಿದ ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗಿ, ಅಂಬಲಿ ಕಟ್ಟಿಕೊಂಡು ಹೋಗಿ, ಐದು ಕಲ್ಲು ಪಾಂಡವರೆಂದು ಇಟ್ಟು ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ, ಆಮೇಲೆ ಎಲ್ಲರೂ ಕುಂತು ಉಣ್ಣುವುದು. ಹಸಿರು ಹೊತ್ತ ಭೂಮಿತಾಯಿ ಬಸುರಿ, ಆಕೆಗೆ ಉಣಿಸುವ ಹಬ್ಬ ಅದು.

ನಾನು ಬರುವುದಿಲ್ಲ ಎಂದು ಕುಂತುಬಿಟ್ಟೆ. ಒಣಗಿದ ಹೊಲಕ್ಕೆ ಎಂಥ ಚರಗ? ಬೀಗರು, ಬಾಜೂ ಹೊಲದವರು ನೋಡಿ ಏನಂದಾರು? ನಮ್ಮವ್ವನಿಗೆ ಆಗ ಎಪ್ಪತ್ತು ದಾಟಿತ್ತು. ಆಕೆ ಬುಟ್ಟಿ ಕಟ್ಟುತ್ತಲೇ ಅಂದಳು: “ಹೊಲ ಏನು ತಪ್ಪು ಮಾಡ್ಯಾದೋ ತಮ್ಮಾ? ನೀ ಜಡ್ಡು ಬಿದ್ರ ನಿನಗ ಉಣ್ಲಾಕ ಹಾಕೋದು ಬಿಡ್ತೀನೇನು?”

ಅದಕ್ಕೆ ನನ್ನ ಹತ್ತಿರ ಜವಾಬು ಇರಲಿಲ್ಲ. ಹೋದೆವು.

ಚರಗ ಚೆಲ್ಲುತ್ತ ಹೊಲದ ನಾಲ್ಕೂ ಬದು ತಿರುಗಬೇಕಾಗುತ್ತದೆ. ಮೂರು ವಾರದಿಂದ ನಾನು ರಸ್ತೆಯ ಕಡೆಯ ಬದುವಿನಿಂದ ನೋಡಿ ತಿರುಗಿ ಬರುತ್ತಿದ್ದೆ. ಅಂದು ಆಚೆ ಬದುವಿಗೆ ಹೋದಾಗ ಒಂದು ಸಂಗತಿ ಕಂಡಿತು. ದನಕ್ಕೆ ಮೇವಾಗಲಿ ಅಂತ ಆ ಅಂಚಿನಲ್ಲಿ ತೊಗರಿಯ ನಡುವೆ ಮುಂಗಾರಿ ಜೋಳದ ಸಾಲು ಹಾಕಿದ್ದೆ. ಅಲ್ಲಿ ಒಣಗಿದ ಗಿಡ ಕಡಿಮೆ ಇದ್ದವು! ಊಟ ಆದ ಮೇಲೆ ಮಗನನ್ನು ಕರಕೊಂಡು ಎಣಿಸಿದೆ. ಬರೀ ತೊಗರಿ ಇದ್ದಲ್ಲಿ ನೂರಕ್ಕೆ ಅರವತ್ತರ ಮೇಲೆ ಒಣಗಿದ್ದವು, ಜೋಳ ಹಾಕಿದಲ್ಲಿ ಮೂವತ್ತರ ಆಸುಪಾಸು. ನನ್ನ ಒಂದು ಹೊಲದ ಲೆಕ್ಕ ಪುರಾವೆ ಅಲ್ಲ. ಆದರೆ ಜೋಳದೊಂದಿಗೆ ಮಿಶ್ರ ಮಾಡಿದರೆ, ಜೋಳದ ಪಾಳಿ ಬದಲಿಸಿದರೆ ನೆಟೆ ಕಡಿಮೆ ಆಗುತ್ತದೆ ಎಂದು ವಿಜ್ಞಾನಿಗಳೂ ಬಹಳ ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಮರುವರ್ಷದಿಂದ ಎರಡು ಎಕರೆಗೆ ಜೋಳ, ಎರಡು ಎಕರೆಗೆ ತೊಗರಿ, ಬೀಜಕ್ಕೆ ಟ್ರೈಕೋಡರ್ಮಾ, ನೀರು ನಿಲ್ಲದಂತೆ ಬದುವಿಗೆ ಕಾಲುವೆ, ಇಷ್ಟು ಮಾಡುತ್ತಿದ್ದೇನೆ.

ನನ್ನ ವಾದ ಇಲ್ಲಿದೆ. ಕಷ್ಟದಲ್ಲಿ ಸಣ್ಣ ಸಂತೋಷ ಅಂದರೆ ಹೊಟ್ಟೆ ತುಂಬಿದವರ ಮಾತಲ್ಲ. ಸಂತೋಷ ಹೋದವನು ಮೊದಲು ಹೊಲಕ್ಕೆ ಹೋಗುವುದು ಬಿಡುತ್ತಾನೆ. ಹೋಗದವನಿಗೆ ಉಳಿದದ್ದೂ ಕಾಣುವುದಿಲ್ಲ. ಭಜ್ಜಿ ರೊಟ್ಟಿಯ ನೆವದಲ್ಲಿ ನನ್ನ ಕಾಲು ಆಚೆ ಬದುವಿಗೆ ಹೋದವು.

ಒಬ್ಬ ಗೆಳೆಯನ ಮಾತು

ಇದನ್ನು ಬರೆಯಬೇಕೋ ಬ್ಯಾಡೋ ಎಂದು ಬಹಳ ಯೋಚಿಸಿದೆ. ಅದೇ ವರ್ಷ ನಾನು ಒಬ್ಬ ಗೆಳೆಯನನ್ನು ಕಳೆದುಕೊಂಡೆ. ಹೆಸರು ಊರು ಬೇಡ. ಸಾಲ ಅವನಿಗಿಂತ ನನಗೇ ಹೆಚ್ಚಿತ್ತು. ಅವನ ಮಣ್ಣಿಗೆ ಹೋಗಿ ಬಂದ ಮೇಲೆ ನಾವೆಲ್ಲ ಸಾಲದ ಲೆಕ್ಕವನ್ನೇ ಹಾಕಿದೆವು. ಬ್ಯಾಂಕಿನದೆಷ್ಟು, ಅಡತಿಯವನದೆಷ್ಟು ಅಂತ. ಆಮೇಲೆ ನೆನಪಾಯಿತು: ದೀಪಾವಳಿಯಿಂದ ಅವನು ಚಹಾದಂಗಡಿಗೆ ಬಂದಿರಲಿಲ್ಲ. ಭಜನೆಗೆ ಬಂದಿರಲಿಲ್ಲ. ಎಳ್ಳ ಅಮಾಸಿಗೆ ಅವನ ಹೊಲ ಖಾಲಿ ಇತ್ತು. ನಮ್ಮ ಹೊಲದಿಂದ ಅದು ಕಾಣುತ್ತದೆ. ನಾನು ನೋಡಿದ್ದೆ, “ಬರಲಿಲ್ಲಲ್ಲ” ಅಂದುಕೊಂಡು ಭಜ್ಜಿ ಉಂಡೆ. ಒಂದು ಕೂಗು ಹಾಕಿದ್ದರೆ ಬರುತ್ತಿದ್ದನೋ ಏನೋ. ಗೊತ್ತಿಲ್ಲ. ಕೂಗಲಿಲ್ಲ ಎಂಬುದಷ್ಟೇ ಗೊತ್ತು.

ಹಂಗಾಗಿ ನಮ್ಮ ಗುಂಪಿನಲ್ಲಿ ಈಗ ಒಂದು ರೂಢಿ ಮಾಡಿಕೊಂಡಿದ್ದೇವೆ. ಎಳ್ಳ ಅಮಾಸಿಗೆ ಯಾರ ಹೊಲ ಖಾಲಿ ಕಂಡರೂ ಬುತ್ತಿ ತಗೊಂಡು ಅವರಿದ್ದಲ್ಲಿಗೇ ಹೋಗುವುದು. ಹೋಗಿ ಬುದ್ಧಿ ಹೇಳುವುದಿಲ್ಲ. ಸಾಲದ ಮಾತು ತೆಗೆಯುವುದಿಲ್ಲ. ಕುಂತು ಉಂಡು ಬರುವುದು. ಯಾರಾದರೂ ಬಹಳ ದಿನ ಮಾತು ಬಿಟ್ಟಿದ್ದರೆ, ನಿದ್ದಿ ಊಟ ಬಿಟ್ಟಿದ್ದರೆ ಅವರಿಗೂ ಮನೆಯವರಿಗೂ 14416 ನಂಬರ್ ಕೊಡುತ್ತೇವೆ. ಅದು ಸರಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ರೊಕ್ಕ ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ದನಕ್ಕೆ ಜಡ್ಡಾದರೆ ಡಾಕ್ಟರನ್ನು ಕರೆಯುತ್ತೇವೆ. ಮನಸ್ಸಿಗೆ ಜಡ್ಡಾದರೆ ಕರೆಯಲಿಕ್ಕೆ ನಾಚಿಕೆ ಯಾಕೆ?

ನಗು ರೇಟಿಗೆ ಬದಲಿ ಅಲ್ಲ

ಒಂದು ಎಚ್ಚರಿಕೆ. ಇದನ್ನು ಓದಿ ಯಾರಾದರೂ “ರೈತರು ಇದ್ದುದರಲ್ಲೇ ಸುಖವಾಗಿದ್ದಾರೆ” ಅಂದರೆ ನಾನು ಒಪ್ಪುವುದಿಲ್ಲ. 2023ರಲ್ಲಿ ಬರ ಬಿತ್ತು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವಾದವು. ಬೆಳೆ ಇಲ್ಲದ ಹೊತ್ತಿಗೆ ತೊಗರಿ ರೇಟು ಕ್ವಿಂಟಲಿಗೆ ಹತ್ತು ಸಾವಿರ ದಾಟಿತು. ಬೆಳೆ ಬಂದ ಮರುವರ್ಷ ಇಳಿದು ಕುಂತಿತು. 2025ರ ಆಗಸ್ಟ್ ಸೆಪ್ಟೆಂಬರಿನಲ್ಲಿ ಮತ್ತೆ ಅತಿ ಮಳೆ, ಮತ್ತೆ ಭೀಮೆಯ ನೆರೆ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಅಂತ ಗೊತ್ತುಮಾಡಿದ್ದಾರೆ. ಆದರೆ ಸಣ್ಣ ರೈತ ರಾಶಿ ಮಾಡಿದ ವಾರದೊಳಗೆ ಮಾರಬೇಕಾದವನು. ಖರೀದಿ ಕೇಂದ್ರ ತಡವಾಗಿ ತೆರೆದರೆ ಆ ಬೆಲೆ ಅವನಿಗಲ್ಲ, ಅವನಿಂದ ಕೊಂಡವನಿಗೆ. ಇದಕ್ಕಾಗಿ ಕೂಗಬೇಕು, ಕೂಗುತ್ತಲೇ ಇರಬೇಕು. ಆದರೆ ಕೂಗಲಿಕ್ಕೂ ತ್ರಾಣ ಬೇಕಲ್ಲ? ಬೆಲೆ ಬಂದ ಮೇಲೆ ನಗೋಣ, ಸಾಲ ಹರಿದ ಮೇಲೆ ಉಣ್ಣೋಣ ಅಂತ ಕುಂತರೆ ನಮ್ಮ ಆಯುಷ್ಯದಲ್ಲಿ ಎಷ್ಟು ದಿನ ಸಿಗುತ್ತವೆ ಎಂದು ನೀವೇ ಎಣಿಸಿ ನೋಡಿ.

ಇನ್ನೊಂದು ಮಾತು ಗಂಡಸರಿಗೆ. ಹಬ್ಬದ ಸಂತೋಷ ನಮ್ಮದು, ಅದರ ದುಡಿಮೆ ಹೆಂಗಸರದು. ಎಳ್ಳ ಅಮಾಸಿಗೆ ಹಿಂದಿನ ದಿನದಿಂದಲೇ ಅವರು ಒಲೆಯ ಮುಂದೆ. ಕಳೆದ ಮೂರು ವರ್ಷದಿಂದ ನಮ್ಮ ಮನೆಯಲ್ಲಿ ಪಲ್ಯ ಹಸನು ಮಾಡುವುದು, ಕಾಳು ಬಿಡಿಸುವುದು ನನ್ನದೂ ಮಗನದೂ ಕೆಲಸ. ರೊಟ್ಟಿ ಬಡಿಯಲಿಕ್ಕೂ ಒಮ್ಮೆ ನೋಡಿದೆ. ನನ್ನ ರೊಟ್ಟಿ ನೋಡಿ ನಮ್ಮವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕದ್ದು, “ಇದು ರೊಟ್ಟಿ ಅಲ್ಲೋ, ಜಿಲ್ಲಾ ನಕಾಶೆ” ಅಂದದ್ದು ಮನೆಯವರೆಲ್ಲ ಇಂದಿಗೂ ಹೇಳಿ ಹೇಳಿ ನಗುತ್ತೇವೆ. ಅವ್ವ ಈಗಿಲ್ಲ. ಆ ಮಾತು ಉಳಿದಿದೆ.

ಅವ್ವ ಹೋದ ವರ್ಷದ ಬೆಳೆ ಎಷ್ಟು ಬಂತು ಅಂದರೆ ಪುಸ್ತಕ ತೆಗೆದು ನೋಡಿ ಹೇಳಬೇಕು. ಈ ರೊಟ್ಟಿಯ ಮಾತಿಗೆ ಪುಸ್ತಕ ಬೇಕಾಗಿಲ್ಲ.

ಓದುಗ ಬಾಂಧವರೇ, ನಿಮ್ಮ ಕಡೆ ಎಳ್ಳ ಅಮಾಸಿ ಇಲ್ಲದಿರಬಹುದು, ಇನ್ನೇನೋ ಇದ್ದೇ ಇರುತ್ತದೆ. ಸೀತನಿ ಸುಟ್ಟು ತಿನ್ನುವುದೋ, ಆಕಳು ಈದ ದಿನ ಗಿಣ್ಣ ಹಂಚುವುದೋ, ಮೊದಲ ಮಳೆಗೆ ಬಿತ್ತಿದ ಕಾಳು ಮೊಳಕೆ ಒಡೆಯಿತೇ ಎಂದು ಮೊಮ್ಮಗನ ಜೊತೆ ಮಣ್ಣು ಕೆದಕಿ ನೋಡುವುದೋ. ಬೆಳೆ ಕೆಟ್ಟ ವರ್ಷದಲ್ಲಿ ನಿಮ್ಮನ್ನು ತಿರುಗಿ ಹೊಲಕ್ಕೆ ಕರೆದೊಯ್ದದ್ದು ಯಾವುದು? ಒಂದು ಕಾರ್ಡಿನಷ್ಟಾದರೂ ಬರೆದು ಕಳಿಸಿರಿ. ಗೊಬ್ಬರದ ಲೆಕ್ಕದ ಜೊತೆ ಅದೂ ಈ ಪತ್ರಿಕೆಯಲ್ಲಿ ಅಚ್ಚಾಗಲಿ.

ಮುಂದಿನ ಅಮಾಸಿಗೆ ಕಮಲಾಪುರದ ಕಡೆ ಬಂದರೆ ನಮ್ಮ ಹೊಲಕ್ಕೆ ಬರ್ರಿ. ಬೆಳೆ ಹೆಂಗ ಇರ್ತದೋ ಹೇಳಲಾರೆ. ಭಜ್ಜಿ ಇರ್ತದ.

– ಕಮಲಾಪುರದ ಒಬ್ಬ ರೈತ