ಮಾರುವಾಗ ಅಸಲಿ, ಕೊಳ್ಳುವಾಗ ನಕಲಿ

ಅಂಗಡಿಯಿಂದ ನಮ್ಮ ಮನೆಗೆ ಬರುವಾಗ ಅಸಲಿಯಾಗಿದ್ದ ಜರಿ ಸೀರೆ, ನಮ್ಮ ಮನೆಯಿಂದ ಅಂಗಡಿಗೆ ಹೋಗುವ ಹೊತ್ತಿಗೆ ನಕಲಿಯಾಗಿಬಿಟ್ಟಿರುತ್ತದೆ. ಈ ಪವಾಡ ಟ್ರಂಕಿನೊಳಗೆ, ನುಸಿಗುಳಿಗೆಗಳ ನಡುವೆ, ನಾವು ಮಲಗಿದ್ದಾಗ ನಡೆಯುತ್ತದೆಯೆಂದು ಕಾಣುತ್ತದೆ. ಯಾಕೆಂದರೆ ಮಾರಿದವನೂ ಸುಳ್ಳು ಹೇಳಿಲ್ಲವಂತೆ, ಕೊಳ್ಳುವವನೂ ಸುಳ್ಳು ಹೇಳುತ್ತಿಲ್ಲವಂತೆ. ಹಾಗಾದರೆ ಸುಳ್ಳಾದದ್ದು ಸೀರೆಯೇ ಇರಬೇಕು!

ನಮ್ಮ ಊರುಗಳಲ್ಲಿ ಹಳೆಯ ಜರಿ ಸೀರೆ ಕೊಳ್ಳುವವರು ಹೊಸಬರಲ್ಲ. ಬೀದಿಯಲ್ಲಿ ಕೂಗಿಕೊಂಡು ಬರುವವರಿದ್ದಾರೆ, ಬೋರ್ಡು ಹಾಕಿ ಕೂತವರಿದ್ದಾರೆ. ಅವರಿಗೆ ಬೇಕಾದದ್ದು ಸೀರೆಯಲ್ಲ, ಅದರೊಳಗಿನ ಬೆಳ್ಳಿ. ಅಂಚು, ಸೆರಗುಗಳನ್ನು ಕತ್ತರಿಸಿ, ಸುಟ್ಟು, ಕರಗಿಸಿ ಬೆಳ್ಳಿ ತೆಗೆಯುತ್ತಾರೆ. ಅಲ್ಲಿಗೆ ಕೊಡುವವರು ಯಾರು? ಮಗಳ ಫೀಸು ಕಟ್ಟಬೇಕಾದವರು, ಆಸ್ಪತ್ರೆಯ ಬಿಲ್ಲು ಎದುರಿಗಿರುವವರು, ಗಂಡನನ್ನು ಕಳೆದುಕೊಂಡ ಮೇಲೆ ಇನ್ನೇಕೆ ಈ ಪಟ್ಟೆ ಸೀರೆ ಎಂದು ಯಾರಿಂದಲೋ ಹೇಳಿಸಿಕೊಂಡವರು. ಅವಸರದಲ್ಲಿರುವ ಹೆಣ್ಣುಮಕ್ಕಳು. ವ್ಯಾಪಾರಿಗೆ ಮೊದಲು ಗೊತ್ತಾಗುವುದೇ ಆ ಅವಸರ. ಜರಿಯ ಪರೀಕ್ಷೆ ಆಮೇಲೆ.

ಪರೀಕ್ಷೆಯ ಮಾತಿಗೆ ಬರುವ ಮುಂಚೆ ಪದಾರ್ಥ ಏನೆಂದು ತಿಳಿದಿರಬೇಕು. ನಮ್ಮಲ್ಲಿ ಹೆಚ್ಚು ಮೋಸಕ್ಕೆ ಒಳಗಾಗಿರುವ ಹೆಸರು ಮೈಸೂರು ಸಿಲ್ಕ್. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಶುರುವಾಯಿತು. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. 2005ರಲ್ಲಿ ಆ ಹೆಸರಿಗೆ ಭೌಗೋಳಿಕ ಸೂಚಿಯ ರಕ್ಷಣೆಯೂ ಸಿಕ್ಕಿತು. ಅಂದರೆ ಸಿಕ್ಕಸಿಕ್ಕವರು ಸಿಕ್ಕಸಿಕ್ಕ ಬಟ್ಟೆಗೆ ಆ ಹೆಸರಿಡುವಂತಿಲ್ಲ. ಆದರೂ ಯಾವ ಪೇಟೆ ಬೀದಿಗೆ ಹೋದರೂ ‘ಮೈಸೂರು ಸಿಲ್ಕ್’ ಎನ್ನುವ ಬಟ್ಟೆ ಐದುನೂರು ರೂಪಾಯಿಗೂ ಸಿಗುತ್ತದೆ. ‘ಸೆಮಿ ಮೈಸೂರು ಸಿಲ್ಕ್’ ಎಂಬ ಹೊಸ ಜಾತಿಯೂ ಹುಟ್ಟಿಕೊಂಡಿದೆ. ಅರ್ಧ ಸತ್ಯಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಹೆಸರು ನಾನು ಕೇಳಿಲ್ಲ.

ಇನ್ನು ಜರಿ. ಅಸಲಿ ಜರಿಯೆಂದರೆ ಚಿನ್ನದ ದಾರವಲ್ಲ. ಬೆಳ್ಳಿಯನ್ನು ಕೂದಲಿಗಿಂತ ಸಣ್ಣಗೆ ಎಳೆದು, ಚಪ್ಪಟೆ ಮಾಡಿ, ಕೆಂಪು ಇಲ್ಲವೆ ಕಿತ್ತಳೆ ಬಣ್ಣದ ರೇಷ್ಮೆ ನೂಲಿಗೆ ಸುತ್ತಿ, ಮೇಲೆ ತೆಳುವಾಗಿ ಚಿನ್ನದ ಲೇಪ ಕೊಟ್ಟದ್ದು. ನಿಗಮವೇ ಹೇಳಿಕೊಳ್ಳುವ ಪ್ರಕಾರ ಅದರ ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ. ಎರಡನೆಯ ದರ್ಜೆಯ ಜರಿಯಲ್ಲಿ ತಂತಿ ತಾಮ್ರದ್ದು, ಬೆಳ್ಳಿ ಬರೀ ಮೇಲಿನ ಲೇಪ. ಮೂರನೆಯದರಲ್ಲಿ ಲೋಹವೆಂದು ಹೇಳುವಂಥದ್ದು ಹೆಚ್ಚೇನೂ ಇಲ್ಲ. ಹೊಳಪು ಹಿಡಿಸಿದ ಪ್ಲಾಸ್ಟಿಕ್ ಹಾಳೆಯ ಸಣ್ಣ ಪಟ್ಟಿ. ಹೊಸದಾಗಿದ್ದಾಗ ಮೂರೂ ಒಂದೇ ತರಹ ಮಿಂಚುತ್ತವೆ. ನಿಜ ಹೇಳಬೇಕೆಂದರೆ ಮೂರನೆಯದೇ ಜಾಸ್ತಿ ಮಿಂಚುತ್ತದೆ.

ಮೋಸ ಹುಟ್ಟುವುದು ಜರಿ ಹಳೆಯದಾದ ಮೇಲೆ. ಬೆಳ್ಳಿ ಗಾಳಿಗೆ, ಬೆವರಿಗೆ, ಅತ್ತರಿಗೆ ಕಪ್ಪಾಗುತ್ತದೆ. ನಮ್ಮ ಮನೆಯ ದೀಪ, ಕುಂಕುಮದ ಬಟ್ಟಲು ಕಪ್ಪಾದರೆ ಯಾರೂ ಅವನ್ನು ನಕಲಿಯೆಂದು ಬೀದಿಗೆ ಎಸೆಯುವುದಿಲ್ಲ. ವಿಭೂತಿ ಹಾಕಿ ಉಜ್ಜುತ್ತೇವೆ. ಅದೇ ಬೆಳ್ಳಿ ಸೀರೆಯ ಅಂಚಿನಲ್ಲಿ ಕಪ್ಪಾದರೆ ಮಾತ್ರ ವ್ಯಾಪಾರಿ ತುಟಿ ಸೊಟ್ಟ ಮಾಡಿ, “ಕಪ್ಪಾಗಿದೆ ನೋಡಿ ಅಮ್ಮಾ, ಡೂಪ್ಲಿಕೇಟು” ಎನ್ನುತ್ತಾನೆ. ಅಮ್ಮ ತಲೆಯಾಡಿಸುತ್ತಾರೆ. ಚಿನ್ನದ ಲೇಪ ಸವೆದು ಬಿಳಿ ಕಂಡರೆ “ಪಾಲಿಶ್ ಹೋಗಿದೆ” ಎನ್ನುತ್ತಾನೆ. ಬೆಳ್ಳಿಯ ಸುತ್ತು ಸವೆದು ಒಳಗಿನ ಕೆಂಪು ನೂಲು ಕಂಡರೆ “ತಾಮ್ರ” ಎನ್ನುತ್ತಾನೆ. ಅಸಲಿ ಜರಿಯಲ್ಲಿ ಕಾಣಬಹುದಾದ ಮೂರು ಗುರುತುಗಳೂ ಅವನ ಬಾಯಲ್ಲಿ ನಕಲಿಯ ಗುರುತುಗಳಾಗುತ್ತವೆ. ನೂಲಿನ ಕೆಂಪಿಗೂ ತಾಮ್ರದ ಕೆಂಪಿಗೂ ವ್ಯತ್ಯಾಸ ತಿಳಿಯಲು ಭೂತಗನ್ನಡಿ ಬೇಕಿಲ್ಲ. ನೂಲು ಮೆತ್ತಗಿರುತ್ತದೆ, ಸೂಜಿಯ ತುದಿಗೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ; ಲೋಹ ಬಿಚ್ಚಿಕೊಳ್ಳುವುದಿಲ್ಲ. ಆದರೆ ಅವಸರದಲ್ಲಿರುವವಳ ಕೈಯಲ್ಲಿ ಆ ಹೊತ್ತಿಗೆ ಸೂಜಿ ಇರುವುದಿಲ್ಲ.

ನಮ್ಮ ಶಾಲೆಯಲ್ಲಿ ನನ್ನೊಂದಿಗೆ ಕೆಲಸ ಮಾಡಿದ ಒಬ್ಬರ ತಾಯಿ ತೀರಿಕೊಂಡಾಗ ಎರಡು ಸೀರೆ ಉಳಿದವು. ಎರಡೂ 1960ರ ದಶಕದವು, ಒಂದೇ ಅಂಗಡಿಯಲ್ಲಿ ಒಂದೇ ಮದುವೆಗೆ ತೆಗೆದವು. ಬಣ್ಣ ಬೇರೆ, ಅಂಚು ಒಂದೇ. ಕಷ್ಟಕ್ಕೆಂದು ಒಂದನ್ನು ಕೊಡಲು ಹೋದರು. ವ್ಯಾಪಾರಿ ಅಂಚನ್ನು ಉಗುರಿನಲ್ಲಿ ಕೆರೆದು, “ಇದರಲ್ಲಿ ಬೆಳ್ಳಿ ಎಲ್ಲಿದೆ ಮೇಡಂ, ನಿಮ್ಮ ಮುಖ ನೋಡಿ ಬಟ್ಟೆಯ ದುಡ್ಡು ಕೊಡ್ತೀನಿ” ಅಂದನಂತೆ. ಅವರು ತೆಗೆದುಕೊಂಡು ಬಂದರು. ಆ ದುಡ್ಡಿಗಿಂತ ಅವರನ್ನು ಸುಟ್ಟದ್ದು ಬೇರೆಯೇ ಮಾತು: “ನಮ್ಮ ಅಪ್ಪ ಅಮ್ಮನಿಗೆ ಮದುವೆಗೇ ಸುಳ್ಳು ಸೀರೆ ಉಡಿಸಿದ್ದರು ಅಂತಾಯಿತಲ್ಲ” ಎಂದು ಸ್ಟಾಫ್ ರೂಮಿನಲ್ಲಿ ಕಣ್ಣು ಒರೆಸಿಕೊಂಡರು. ಉಳಿದ ಸೀರೆಯನ್ನು ನಾವಿಬ್ಬರೂ ಆಚಾರ್ರ ಅಂಗಡಿಗೆ ಒಯ್ದೆವು. ಅವರು ಸೆರಗಿನ ಕೊನೆಯಿಂದ ನಾಲ್ಕೆಳೆ ಜರಿ ಬಿಡಿಸಿ, ದೀಪಕ್ಕೆ ಹಿಡಿದು ಒಳಗಿನ ನೂಲು ಸುಟ್ಟು, ಉಳಿದ ಲೋಹವನ್ನು ಒರೆಗಲ್ಲಿಗೆ ಉಜ್ಜಿದರು. ಗೆರೆ ಬೆಳ್ಳಗೆ ಎದ್ದಿತು. “ಒಳ್ಳೇ ಬೆಳ್ಳಿ ಅಮ್ಮಾ, ಈಗ ಇಂಥದ್ದು ಕಷ್ಟ” ಅಂದರು. ಆ ವ್ಯಾಪಾರಿ ಕದ್ದದ್ದು ಬರೀ ಬೆಳ್ಳಿಯನ್ನಲ್ಲ. ಸತ್ತ ತಂದೆಯೊಬ್ಬರ ಮರ್ಯಾದೆಯನ್ನೂ ತಕ್ಕಡಿಯ ಕೆಳಗೆ ಹಾಕಿಕೊಂಡಿದ್ದ.

ನಾವು ನಂಬಿಕೊಂಡಿರುವ ಪರೀಕ್ಷೆಗಳ ಮಾತನ್ನೂ ಆಡಬೇಕು, ಯಾಕೆಂದರೆ ಮೋಸಗಾರನಿಗೆ ಅವೂ ಆಸರೆ. ಸೀರೆ ಉಂಗುರದೊಳಗೆ ತೂರಿದರೆ ಅಸಲಿ ರೇಷ್ಮೆ ಎನ್ನುತ್ತಾರೆ. ತೆಳುವಾದ ಪಾಲಿಯೆಸ್ಟರೂ ತೂರುತ್ತದೆ. ದಪ್ಪ ಅಂಚಿನ ಒಳ್ಳೆಯ ರೇಷ್ಮೆ ಸಿಕ್ಕಿಕೊಳ್ಳುತ್ತದೆ. ನೂಲು ಸುಡುವ ಪರೀಕ್ಷೆ ಅದಕ್ಕಿಂತ ಮೇಲು. ರೇಷ್ಮೆ ನಿಧಾನವಾಗಿ ಉರಿದು, ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಕರಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕೃತಕ ರೇಷ್ಮೆ ಕಾಗದದಂತೆ ಭಗ್ಗೆಂದು ಉರಿಯುತ್ತದೆ. ಆದರೆ ಅಂಗಡಿಯವನು ಸುಟ್ಟು ತೋರಿಸುವುದು ಯಾವ ಎಳೆಯನ್ನು? ಹಾಸಿಗೆ ರೇಷ್ಮೆ, ಹೊಕ್ಕಿಗೆ ಬೇರೆ ನೂಲು ಹಾಕಿ ನೇಯ್ದಿದ್ದರೆ, ಹಾಸಿನ ಎಳೆ ಸುಟ್ಟು ಮೂಗಿಗೆ ಹಿಡಿದರೆ ಸಾಕಲ್ಲ! ಎರಡನ್ನೂ ಬೇರೆಬೇರೆಯಾಗಿ ಸುಡಿಸಬೇಕು. ಅಷ್ಟಾದರೂ ರೇಷ್ಮೆ ಹೌದೋ ಅಲ್ಲವೋ ಎಂಬುದಷ್ಟೇ ಗೊತ್ತಾಗುತ್ತದೆ. ಮೈಸೂರಿನದೋ ಬೇರೆ ಊರಿನದೋ ಎಂಬುದನ್ನು ಬೆಂಕಿ ಹೇಳುವುದಿಲ್ಲ. 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ತಂದ ಸಿಲ್ಕ್ ಮಾರ್ಕ್ ಚೀಟಿ ಒಳ್ಳೆಯ ಕೆಲಸವೇ. ಆದರೆ ಅದು ರೇಷ್ಮೆಗೆ ಸಾಕ್ಷಿ, ಜರಿಗಲ್ಲ. ನಿಗಮದ ಸೀರೆಗಳಿಗೆ ಈಗ ಸಂಖ್ಯೆಯೂ ಹೊಲೋಗ್ರಾಮೂ ಇವೆ. ಹೊಸ ಸೀರೆ ಕೊಳ್ಳುವವರು ಅದನ್ನು ನೋಡಲೇಬೇಕು. ಅಜ್ಜಿಯ ಸೀರೆಯಲ್ಲಿ ಹೊಲೋಗ್ರಾಮ್ ಇಲ್ಲವೆಂದು ಅದನ್ನು ನಕಲಿಯೆನ್ನುವುದು ಮಾತ್ರ, ಅಜ್ಜಿಗೆ ಆಧಾರ್ ಕಾರ್ಡ್ ಇರಲಿಲ್ಲವಾದ್ದರಿಂದ ಅಜ್ಜಿಯೇ ಇರಲಿಲ್ಲವೆಂದ ಹಾಗೆ.

ಈಚೆಗೆ ಕತೆಗೆ ಇನ್ನೊಂದು ಮುಖ ಬಂದಿದೆ. ಹಳೆಯ ಸೀರೆ ಕೊಳ್ಳುವುದು ಫ್ಯಾಷನ್ ಆಗಿದೆ. ‘ವಿಂಟೇಜ್’ ಎಂದು ಪ್ರದರ್ಶನಗಳಲ್ಲಿ ತೂಗುಹಾಕುತ್ತಾರೆ, ಫೋನಿನಲ್ಲಿ ಫೋಟೋ ಕಳಿಸಿ ಮಾರುತ್ತಾರೆ. ತಾಯಂದಿರಿಂದ ‘ಕಪ್ಪಾಗಿದೆ’ ಎಂದು ಅಗ್ಗಕ್ಕೆ ಕಿತ್ತುಕೊಂಡ ಅದೇ ಜರಿಗೆ ಹೆಣ್ಣುಮಕ್ಕಳ ಎದುರು ‘ಆಂಟಿಕ್ ಜರಿ’ ಎಂಬ ಬಿರುದು. ಬೇಡಿಕೆ ಬಂದಮೇಲೆ ಹೊಸ ತಾಮ್ರದ ಜರಿಗೂ ಬೇಕೆಂದೇ ಮಂಕು ಬಣ್ಣ ಕೊಟ್ಟು ಹಳತಿನ ವೇಷ ಹಾಕುತ್ತಾರೆ. ಅಲ್ಲಿ ಕೊಳ್ಳುವ ಹುಡುಗಿಯರಿಗೆ ನಾನು ಹೇಳುವುದಿಷ್ಟೆ: ವಯಸ್ಸಾದ ಜರಿ ಎಲ್ಲ ಕಡೆ ಒಂದೇ ಸಮ ಕಪ್ಪಾಗಿರುವುದಿಲ್ಲ. ಮಡಿಕೆ ಬಿದ್ದಲ್ಲಿ, ಕಾಲಿಗೆ ತಾಗುವಲ್ಲಿ ಸವೆತ ಹೆಚ್ಚು, ಒಳಮಡಿಕೆಯಲ್ಲಿ ಹೊಳಪು ಉಳಿದಿರುತ್ತದೆ. ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ; ಹುರಿ ಹಾಕಿದ ನೂಲಿನ ಮೈಸೂರು ಕ್ರೇಪಿಗೆ ಮರಳಿನಂಥ ಸಣ್ಣ ತರಿ ಇರುತ್ತದೆ, ಪಾಲಿಯೆಸ್ಟರಿನಂತೆ ಜಾರುವುದಿಲ್ಲ. ಫೋಟೋ ನೋಡಿ ಇದು ಯಾವುದೂ ತಿಳಿಯುವುದಿಲ್ಲ. ಕೈಗೆ ಸಿಗದ ಸೀರೆಗೆ ಕೈತುಂಬ ದುಡ್ಡು ಕೊಡಬೇಡಿ.

“ನೋಡಿ ಕೊಳ್ಳಬೇಕಾದದ್ದು ಗಿರಾಕಿಯ ಜವಾಬ್ದಾರಿ” ಎಂದು ವ್ಯಾಪಾರಿಗಳೂ, ಅವರ ಪರ ಮಾತಾಡುವ ನಮ್ಮ ಮನೆಯ ಗಂಡಸರೂ ಹೇಳುತ್ತಾರೆ. ಚಿನ್ನದ ಅಂಗಡಿಗೆ ಯಾರಾದರೂ ಆಸಿಡ್ ಬಾಟಲಿ ಹಿಡಿದು ಹೋಗುತ್ತಾರೆಯೆ? ಚಿನ್ನಕ್ಕೆ 2000ದಲ್ಲಿ ಹಾಲ್‌ಮಾರ್ಕ್ ಬಂತು, 2021ರ ಜೂನಿನಿಂದ ಹಂತಹಂತವಾಗಿ ಕಡ್ಡಾಯವಾಯಿತು. ಆಗ ವ್ಯಾಪಾರ ಮುಳುಗಿಹೋಯಿತೆ? ಇಲ್ಲ. ಬೆಳ್ಳಿ, ಚಿನ್ನ ಎರಡೂ ಇರುವ ಸೀರೆಯನ್ನು ಮಾತ್ರ ಬಾಯಿಮಾತಿನ ಮೇಲೆ ಮಾರುವುದೇಕೆ? ಕಾನೂನಿನಲ್ಲೂ ಅರ್ಧ ಬಾಗಿಲು ಮುಚ್ಚಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಳ್ಳುವವರಿಗೆ. ತನ್ನ ಹಳೆಯ ಸೀರೆ ಮಾರಲು ಹೋದವಳು ಆ ಕಾಯ್ದೆಯ ಕಣ್ಣಿಗೆ ಗ್ರಾಹಕಳಲ್ಲ. ಅಲ್ಲಿ ಕೊಳ್ಳುವವನು ವ್ಯಾಪಾರಿಯೇ ತಾನೆ!

ನಕಲಿ ಜರಿಯ ಮೇಲೆ ನನಗೆ ಕೋಪವಿಲ್ಲ. ಪ್ಲಾಸ್ಟಿಕ್ ಜರಿಯ ಸೀರೆ ಉಟ್ಟು ಶಾಲೆಯ ವಾರ್ಷಿಕೋತ್ಸವಕ್ಕೆ ಬರುವ ತಾಯಂದಿರು ಎಷ್ಟು ಚೆಂದ ಕಾಣುತ್ತಾರೆಂಬುದನ್ನು ವರ್ಷವರ್ಷವೂ ನೋಡುತ್ತಿದ್ದೇನೆ. ಮುನ್ನೂರು ರೂಪಾಯಿಯ ಸೀರೆಯನ್ನು ಮುನ್ನೂರಕ್ಕೆ, ಅದರ ಹೆಸರಿನಲ್ಲೇ ಮಾರಲಿ. ಅದನ್ನು ಮೂರು ಸಾವಿರಕ್ಕೆ ಬೇರೆ ಹೆಸರಿನಲ್ಲಿ ಮಾರುವ ಬಾಯಿ, ಮೂವತ್ತು ಸಾವಿರದ್ದನ್ನು ಮೂರು ಸಾವಿರಕ್ಕೆ ಇಳಿಸುವ ಬಾಯಿ ಎರಡೂ ಒಂದೇ. ಅದರ ಮೇಲೆ ನನ್ನ ಕೋಪ.

ಸೀರೆ ಕೊಳ್ಳುವಾಗ ಬಿಲ್ಲಿನಲ್ಲಿ ‘ಸಾರಿ ಒಂದು’ ಎಂದು ಗೀಚಿ ಕೊಟ್ಟರೆ ವಾಪಸು ಕೊಡಿ. ಹಾಸು ಯಾವುದು, ಹೊಕ್ಕು ಯಾವುದು, ಜರಿ ಬೆಳ್ಳಿಯದೋ ತಾಮ್ರದ್ದೋ ಪ್ಲಾಸ್ಟಿಕ್ಕಿನದೋ ಎಂದು ಬರೆಸಿಕೊಳ್ಳಿ. ಆ ಬಿಲ್ಲನ್ನು ಸೀರೆಯ ಮಡಿಕೆಯಲ್ಲೇ ಇಡಿ. ನಾಳೆ ಮಗಳ ಕೈಗೆ ಎರಡೂ ಒಟ್ಟಿಗೆ ಸಿಗಲಿ. ಮಾರುವ ಕಷ್ಟ ಬಂದರೆ ಮೊದಲು ಅಕ್ಕಸಾಲಿಗರ ಬಳಿ, ಇಲ್ಲವೆ ಕ್ಷ-ಕಿರಣದಿಂದ ಲೋಹ ಗುರುತಿಸುವ ಯಂತ್ರವಿರುವ ಆಭರಣದ ಅಂಗಡಿಯಲ್ಲಿ ಜರಿ ನೋಡಿಸಿ, ಆಮೇಲೆ ವ್ಯಾಪಾರಿಯ ಮೆಟ್ಟಿಲು ಹತ್ತಿ. ಸರ್ಕಾರವನ್ನೂ ಕೇಳೋಣ: ಜಿಲ್ಲೆಗೊಂದು ಕಡೆ ಹಳೆಯ ಸೀರೆಯ ಜರಿ ಪರೀಕ್ಷಿಸಿ ಚೀಟಿ ಕೊಡುವ ಒಂದು ಕಿಟಕಿ ತೆರೆಯುವುದು ದೊಡ್ಡ ಖರ್ಚಿನ ಮಾತೇನಲ್ಲ.

ಅಷ್ಟಾದರೂ ಅವನು ಕೆರೆದು ನೋಡಿ “ನಕಲಿ ಅಮ್ಮಾ” ಎಂದರೆ ವಾದ ಬೇಡ, ಕಣ್ಣೀರೂ ಬೇಡ. ಒಂದು ಹಾಳೆ, ಒಂದು ಪೆನ್ನು ಮುಂದಿಟ್ಟು, “ಅದನ್ನೇ ಬರೆದು ಸಹಿ ಹಾಕಿ ಕೊಡಪ್ಪಾ” ಎನ್ನಿ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಅನುಭವದಿಂದ ಹೇಳುತ್ತೇನೆ: ಬಾಯಲ್ಲಿ ಧೈರ್ಯವಾಗಿ ಸುಳ್ಳು ಹೇಳುವವರಿಗೆ ಬರೆಯಿರಿ ಎಂದ ಕೂಡಲೇ ಕೈ ನಡುಗುತ್ತದೆ.