ಬೀಪ್ ಅಂದ್ರೆ ಏನ್ರೀ ಅರ್ಥ?

ನಮ್ಮನೆ ಡಿಶ್‌ವಾಷರ್ ಒಂದು ವಾರದಿಂದ ಪಾತ್ರೆ ತೊಳೀತಾ ತೊಳೀತಾ ನಡುವೆ ನಿಂತು ಬೀಪ್ ಬೀಪ್ ಅಂತ ಕೂಗ್ತಿತ್ತು. ಕೈಪಿಡಿ ತೆಗೆದರೆ ಇಂಗ್ಲಿಷು, ಹಿಂದಿ, ಕನ್ನಡ ನಾಪತ್ತೆ. ಹಗಲು ಒಬ್ಬರೇ ಇರೋ ಅಮ್ಮ ಹೆದರಿ ಸ್ವಿಚ್ ಆರಿಸಿ, ಬಚ್ಚಲಲ್ಲಿ ಕೂತು ಪಾತ್ರೆ ಉಜ್ಜಿದ್ದಾರೆ. ಅವರ ಮಂಡಿನೋವಿಗೆ ಅಂತಲೇ ತಂದ ಯಂತ್ರ ಇದು!

ಕಂಪನಿಯವನು ಬಂದ, ಬಾಗಿಲು ತೆರೆದು ನೋಡಿದ, "ಬೋರ್ಡ್ ಹೋಗಿದೆ, ಬದಲಾಯಿಸ್ಬೇಕು" ಅಂದ. ನಾನು ನಂಬಲಿಲ್ಲ. ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ನೀರಿನ ಪೈಪು ಬಿಚ್ಚಿದೆ. ಒಳಗಿನ ಪುಟ್ಟ ಜಾಲರಿ ತುಂಬ ಬೋರ್‌ವೆಲ್ ಮಣ್ಣು! ತೊಳೆದು ಹಾಕಿದೆ. ಬೀಪ್ ಬಂದ್!

ಹಲವು ಡಿಶ್‌ವಾಷರ್‌ಗಳಿಗೆ ಕನಿಷ್ಠ 0.3 ಬಾರ್ ಒತ್ತಡ ಬೇಕು. ಅಂದ್ರೆ ಟ್ಯಾಂಕಿನ ನೀರು ಯಂತ್ರಕ್ಕಿಂತ ಸುಮಾರು 3 ಮೀಟರ್ ಮೇಲಿರಬೇಕು. ನಮ್ಮ ತಾರಸಿ ಟ್ಯಾಂಕು ಆ ಅಂಚಿನಲ್ಲೇ ಇದೆ; ಜಾಲರಿ ಕಟ್ಟಿಕೊಂಡರೆ ಮುಗೀತು. ಹೊತ್ತಿಗೆ ಸರಿಯಾಗಿ ನೀರು ತುಂಬದಿದ್ದರೆ ಕೂಗು ಶುರು. ಬಾಗಿಲು ಸರಿಯಾಗಿ ಮುಚ್ಚದಿದ್ದರೂ, ಕೊಳೆನೀರು ಹೊರಹೋಗದಿದ್ದರೂ ಇದೇ ಕೂಗು.

ನನ್ನ ತಕರಾರು ಅಲ್ಲೇ ಇರೋದು. ನೀರು ಬರ್ತಿಲ್ಲ ಅಂತ ಯಂತ್ರಕ್ಕೆ ಗೊತ್ತು. ಗೊತ್ತಿದ್ದೂ ಹೇಳಲ್ಲ! "ನೀರು ಸಾಲದು, ನಲ್ಲಿ ನೋಡಿ" - ನಾಲ್ಕೇ ಪದ. ಎಟಿಎಂ ಕನ್ನಡ ತೋರಿಸುತ್ತೆ, ಮೊಬೈಲ್ ತೋರಿಸುತ್ತೆ, ಇಷ್ಟು ದುಡ್ಡು ಕೊಟ್ಟು ತಂದ ಇದಕ್ಕೇನು ಧಾಡಿ? ಬೀಪ್ ಅನ್ನೋದು ಸರ್ವೀಸ್‌ನವರ ಭಾಷೆ ಕಣ್ರೀ. ನಮಗೆ ತಿಳಿಯದಷ್ಟೂ ಅವರಿಗೆ ವ್ಯಾಪಾರ.

ಮುಂದಿನ ಸಲ ಅಂಗಡಿಗೆ ಹೋದಾಗ ರೇಟು ಕೇಳೋ ಮುಂಚೆ ಕನ್ನಡ ಕೈಪಿಡಿ ಕೇಳಿ. ಇಲ್ಲ ಅಂದ್ರೆ ಎದ್ದು ಬನ್ನಿ. ಏನಂತೀರಿ?